ಕಿಟಕಿ ಕಟ್ಟೆಯ ಮೇಲಿನ ಲೋಟ

ನಮ್ಮ ಅಡುಗೆಮನೆಯ ಹಿಂಬಾಗಿಲ ಪಕ್ಕದಲ್ಲಿ ಒಂದು ಕಿಟಕಿ ಇದೆ. ಅದರ ಹೊರಗಿನ ಕಟ್ಟೆಯ ಮೇಲೆ ಆರು ವರ್ಷ ಒಂದು ಸ್ಟೀಲ್ ಲೋಟ ಬೋರಲಾಗಿ ಕುಳಿತಿತ್ತು. ಅಂಚು ಒಂದು ಕಡೆ ನೆಗ್ಗಿದ, ಒಳಗಿನ ಲೋಟಗಳ ಸಾಲಿಗೆ ಸೇರದ ಲೋಟ. ಮನೆಗೆಲಸಕ್ಕೆ ಬರುವ ಅಕ್ಕ ಬೆಳಿಗ್ಗೆ ಪಾತ್ರೆ ತೊಳೆಯಲು ಕೂರುವ ಮುನ್ನ ಅದನ್ನು ತಾವೇ ತೊಳೆದು ಕಟ್ಟೆಯ ಮೇಲೆ ನಿಲ್ಲಿಸುತ್ತಿದ್ದರು. ನಾನು ಕಾಫಿ ಹೊಯ್ಯುತ್ತಿದ್ದೆ. ಹೊಯ್ಯುವಾಗ ನನ್ನ ಪಾತ್ರೆಯ ಮೂತಿ ಆ ಲೋಟದ ಅಂಚಿಗೆ ತಾಗಬಾರದು, ನಾಲ್ಕು ಬೆರಳಿನಷ್ಟು ಮೇಲಿನಿಂದ ಬೀಳಬೇಕು. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಅತ್ತೆಯವರ ಕೈ ನೋಡಿ ನನ್ನ ಕೈ ಕಲಿತಿತ್ತು. ಅದಕ್ಕೂ ಮುಂಚೆ, ತವರಿನಲ್ಲಿ, ಅಮ್ಮನ ಕೈ ನೋಡಿ.

ನಾನು ಮೈಸೂರಿನ ಹೊರವಲಯದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೇ ವಿಧಿ, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಅದೇ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾದದ್ದು, ಎಲ್ಲವನ್ನೂ ಪ್ರತಿ ವರ್ಷ ಹೇಳುತ್ತೇನೆ. 1927ರಲ್ಲಿ, ದಲಿತರಿಗೆ ನೀರು ನಿರಾಕರಿಸಿದ್ದ ಮಹಾಡದ ಚೌದಾರ್ ಕೆರೆಗೆ ಇಳಿದು ಅಂಬೇಡ್ಕರ್ ಅವರು ನೀರು ಕುಡಿದದ್ದನ್ನು ಹೇಳುವಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ. 12ನೇ ಶತಮಾನದ ಶರಣೆ ಸತ್ಯಕ್ಕನ ಕಾಯಕ ಅಂಗಳ ಗುಡಿಸುವುದಾಗಿತ್ತು ಎಂದು ಹೇಳಿ, ಪೊರಕೆ ಹಿಡಿದ ಕೈಗೂ ಲೇಖನಿ ಹಿಡಿದ ಕೈಗೂ ಭೇದವಿಲ್ಲ ಎನ್ನುತ್ತೇನೆ. ಹೇಳುವಾಗ ಪೂರ್ತಿ ನಂಬಿಯೇ ಹೇಳುತ್ತೇನೆ. ಆದರ್ಶ ಇಲ್ಲದವರ ಕಷ್ಟ ಬೇರೆ. ನನ್ನದು ಇದ್ದವರ ಕಷ್ಟ. ನಂಬಿಕೆ ಎದೆಯಲ್ಲಿ ಗಟ್ಟಿಯಾಗಿ ಇತ್ತು, ಮೊಣಕೈಯಿಂದ ಕೆಳಗೆ ಇಳಿದಿರಲಿಲ್ಲ.

2022ರ ಫೆಬ್ರವರಿಯಲ್ಲಿ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಮನೆಗೆ ತಂದು ತಿದ್ದುತ್ತಿದ್ದೆ. ಅಸ್ಪೃಶ್ಯತೆಯ ಆಚರಣೆಗೆ ಉದಾಹರಣೆ ಕೊಡಿ ಎಂಬ ಪ್ರಶ್ನೆ. ಹುಡುಗಿಯೊಬ್ಬಳು ‘ಹೋಟೆಲಿನಲ್ಲಿ ಬೇರೆ ಲೋಟ ಇಡುವುದು, ಕೈಗೆ ತಾಗದಂತೆ ಮೇಲಿನಿಂದ ಹೊಯ್ಯುವುದು’ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಸರಿ ಹಾಕಿ ಪೂರ್ಣ ಅಂಕ ಕೊಟ್ಟೆ. ಅಷ್ಟರಲ್ಲಿ ಹಿತ್ತಲಿನಿಂದ ಲೋಟ ತೊಳೆದಿಟ್ಟ ಸದ್ದು ಕೇಳಿಸಿತು. ಎದ್ದು ಹೋಗಿ ಕಾಫಿ ಬಗ್ಗಿಸಿದೆ. ನೊರೆ ಏಳುತ್ತಿದ್ದಂತೆ ನನ್ನ ಕೈಯ ಎತ್ತರ ನನ್ನ ಕಣ್ಣಿಗೆ ಬಿತ್ತು. ಒಳಗೆ ಮೇಜಿನ ಮೇಲೆ ಆ ಹುಡುಗಿಯ ಉತ್ತರದ ಶಾಯಿ ಇನ್ನೂ ಒಣಗಿರಲಿಲ್ಲ. ಅವಳು ಹೋಟೆಲು ಎಂದು ಬರೆದಿದ್ದಳು. ಯಾರ ಮನೆಯ ಹಿತ್ತಲಿನಲ್ಲಿ ನೋಡಿದ್ದಳೋ ಏನೋ.

ಅಕ್ಕನ ಜಾತಿ ಯಾವುದೆಂದು ನಾನು ಎಂದೂ ಕೇಳಿದವಳಲ್ಲ. ಅದನ್ನೇ ದೊಡ್ಡ ಉದಾರತೆ ಎಂದುಕೊಂಡಿದ್ದೆ. ಕೇಳದೆಯೇ ಲೋಟ ಬೇರೆಯಾಗಿತ್ತು ಎಂಬುದು ಅಂದು ಹೊಳೆಯಿತು.

ಮರುದಿನ ಆ ಲೋಟವನ್ನು ಗುಜರಿಗೆ ಹಾಕಿದೆ. ಒಳಗಿನ ಸಾಲಿನಿಂದ ಒಂದನ್ನು ತೆಗೆದು ಕಾಫಿ ಕೊಟ್ಟು, ತೊಳೆದ ಮೇಲೆ ಅದೇ ಸಾಲಿಗೆ ಸೇರಿಸಿದೆ. ಅತ್ತೆಯವರಿಗೆ ಆಗ ಎಪ್ಪತ್ತಾರು. ಅವರು ಜಗಳವಾಡಲಿಲ್ಲ. ತಮ್ಮ ಬೆಳ್ಳಿ ಲೋಟವನ್ನು ಪೆಟ್ಟಿಗೆಯಿಂದ ಹೊರತೆಗೆದು, ಅದರಲ್ಲೇ ಕುಡಿದು, ತಾವೇ ತೊಳೆದು ದೇವರ ಮನೆಯ ಪಕ್ಕದಲ್ಲಿಟ್ಟುಕೊಳ್ಳತೊಡಗಿದರು. ಮಗಳು ಹುಟ್ಟಿದಾಗ ನನ್ನ ಬಾಣಂತನ ಮಾಡಿದ ಕೈ ಅದು. ರಾತ್ರಿಯೆಲ್ಲ ಎಚ್ಚರವಿದ್ದು ನನ್ನ ಕಾಲು ಒತ್ತಿದವರು. ಅವರ ಎದುರು 17ನೇ ವಿಧಿ ಹೇಳಲು ನನಗೆ ಬಾಯಿ ಬರಲಿಲ್ಲ. ಬರಬೇಕಿತ್ತೇ? ಇವತ್ತಿಗೂ ನಿರ್ಧರಿಸಲಾಗಿಲ್ಲ. ಅಡುಗೆಮನೆ ನನ್ನದು, ಅಲ್ಲಿನ ಲೋಟಗಳ ವಿಷಯ ನಾನು ಹೇಳಿದಂತೆ, ಅವರ ಲೋಟ ಅವರದು ಎಂಬ ಒಂದು ಒಪ್ಪಂದ ಮಾತಿಲ್ಲದೆ ಏರ್ಪಟ್ಟಿತು.

ಲೋಟ ಬದಲಾದ ಸಂತೋಷದಲ್ಲಿ ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಒಂದು ಭಾನುವಾರ ದೋಸೆ ಮಾಡಿದ್ದೆ. ಅಕ್ಕನನ್ನು ಊಟದ ಮೇಜಿಗೆ ಕರೆದು ಕುರ್ಚಿಯಲ್ಲಿ ಕೂರಿಸಿದೆ. ಅವರು ಕುರ್ಚಿಯ ತುದಿಯಲ್ಲಿ, ಸೆರಗನ್ನು ಮಡಿಲಿಗೆ ಒತ್ತಿಕೊಂಡು ಕುಳಿತರು. ಒಂದು ದೋಸೆಯಲ್ಲಿ ಅರ್ಧ ತಿಂದರು. ಮತ್ತೊಂದು ಹಾಕುತ್ತೇನೆ ಎಂದರೆ ಬೇಡವೆಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಮುಂದಿನ ಎರಡು ದಿನ ಕೆಲಸಕ್ಕೆ ಬರಲಿಲ್ಲ.

ಮೂರನೆಯ ದಿನ ಬಂದಾಗ ಬಹಳ ಹೊತ್ತು ಮಾತಿಲ್ಲ. ಕೊನೆಗೆ ನೆಲ ಒರೆಸುತ್ತಲೇ ಹೇಳಿದರು: “ಮೇಡಂ, ಆಚೆ ರಸ್ತೆಯ ಮನೆಯಲ್ಲಿ ಬಹಳ ಮಾತು ಕೇಳಬೇಕಾಯಿತು. ಅಲ್ಲಿ ಟೇಬಲ್ ಮೇಲೆ ಊಟ ಮಾಡುವವಳು ಇಲ್ಲಿ ಬಚ್ಚಲು ಹೇಗೆ ತಿಕ್ಕುತ್ತೀಯಾ ಎಂದರು. ನನಗೆ ನಾಲ್ಕು ಮನೆ ಬೇಕು ಮೇಡಂ.”

ಆಚೆ ರಸ್ತೆಯ ಮನೆಯವರಿಗೆ ಸುದ್ದಿ ತಿಳಿದದ್ದು ಹೇಗೆ? ನಾನೇ ಹೇಳಿದ್ದೆ. ಸಂಜೆ ಪಾರ್ಕಿನಲ್ಲಿ ನಡೆಯುವಾಗ ನಾಲ್ಕು ಜನರ ಎದುರು ನನ್ನನ್ನು ನಾನೇ ಬಣ್ಣಿಸಿಕೊಂಡಿದ್ದೆ. ದೋಸೆ ತಿಂದದ್ದು ಅಕ್ಕ, ಹೊಗಳಿಕೆ ತಿಂದದ್ದು ನಾನು, ಬೈಗುಳ ಮತ್ತೆ ಅಕ್ಕನಿಗೆ. ಒಳ್ಳೆಯದು ಮಾಡಲು ಹೊರಟವರು ಜಾರುವ ಜಾಗ ಇದೇ ಎಂದು ನನಗೆ ಅನಿಸುತ್ತದೆ: ನಮ್ಮ ಆದರ್ಶದ ಖರ್ಚನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯುವುದು. ಅಂದು ನಾನು ಸಮಾನತೆಯ ಹೆಸರಿನಲ್ಲಿ ಮಾಡಿದ್ದು ನನ್ನ ಸಮಾಧಾನಕ್ಕಾಗಿ ಮಾಡಿದ್ದಾಗಿತ್ತು. ಅವರಿಗೆ ಏನು ಬೇಕು ಎಂದು ಆರು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಅಂದು ಕೇಳಿದೆ. ಏನೂ ಬೇಡ, ಎಲ್ಲ ಚೆನ್ನಾಗಿದೆ ಎಂದರು. ವಾರ ಬಿಟ್ಟು ಮತ್ತೆ ಕೇಳಿದೆ. ಮೂರನೆಯ ಸಲ ಕೇಳಿದಾಗ ಒಂದೊಂದೇ ಹೇಳಿದರು. ಮೇಜು, ಕುರ್ಚಿ ಅದರಲ್ಲಿ ಇರಲಿಲ್ಲ.

ಸಂಬಳ ಐದನೇ ತಾರೀಕಿನೊಳಗೆ ಬೇಕು. ಸ್ವಸಹಾಯ ಸಂಘದ ಕಂತು ಕಟ್ಟಬೇಕು, ತಡವಾದರೆ ಉಳಿದ ಹೆಂಗಸರ ಎದುರು ತಲೆ ತಗ್ಗಿಸಬೇಕು. ನಾನು ಒಮ್ಮೆ ಎಂಟಕ್ಕೆ, ಒಮ್ಮೆ ಹನ್ನೆರಡಕ್ಕೆ ಕೊಡುತ್ತಿದ್ದೆ. ಬ್ಯಾಂಕಿಗೆ ಹೋಗಿಲ್ಲ, ನಾಳೆ ನೋಡೋಣ ಎನ್ನುವುದು ನನಗೆ ಒಂದು ಮಾತು, ಅವರಿಗೆ ಒಂದು ರಾತ್ರಿಯ ನಿದ್ದೆ. ನಗದಾಗಿಯೇ ಬೇಕು. ಫೋನ್‌ಪೇ ಮಾಡಿದರೆ ಮಗನ ಮೊಬೈಲಿಗೆ ಹೋಗುತ್ತದೆ, ತಮ್ಮ ಕೈಗೆ ಬರುವುದಿಲ್ಲ. ನಾವು ಊರಿಗೆ ಹೋದ ದಿನಗಳ ಸಂಬಳ ಹಿಡಿಯಬಾರದು. ಇವನ್ನೆಲ್ಲ ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ನೆಲ ನೋಡುತ್ತ, “ದುಡ್ಡು ಇಟ್ಟು ನೋಡಬೇಡಿ ಮೇಡಂ” ಎಂದರು.

ನನ್ನ ಮುಖ ಬಿಸಿಯಾಯಿತು. 2016ರಲ್ಲಿ ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪರಿಚಯದವರೊಬ್ಬರು ಹೇಳಿಕೊಟ್ಟಂತೆ, ಹಾಸಿಗೆಯ ಅಂಚಿನಲ್ಲಿ ಐವತ್ತರ ನೋಟೊಂದನ್ನು ಮರೆತಂತೆ ಇಟ್ಟಿದ್ದೆ. ಅದು ಟಿವಿಯ ಪಕ್ಕಕ್ಕೆ ಬಂದು, ಹಾರದಂತೆ ಮೇಲೆ ರಿಮೋಟಿನ ಭಾರ ಹೇರಿಸಿಕೊಂಡು ಕುಳಿತಿತ್ತು. ನಂತರ ಇನ್ನೆರಡು ಸಲ ಇಟ್ಟೆ. ಎರಡು ಸಲವೂ ಅದೇ ಜಾಗ, ಅದೇ ರಿಮೋಟು. ನಂಬಿಗಸ್ತರು ಎಂದು ತೀರ್ಮಾನಿಸಿ ಬೀಗದ ಕೈ ಕೊಟ್ಟೆ. ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು. ಆರು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನನ್ನ ಮಗಳಿಗೆ ಜಡೆ ಹಾಕಿದ್ದರು.

ಅಂದು ರಾತ್ರಿ ಒಂದು ಉದ್ದನೆಯ ನೋಟ್ ಪುಸ್ತಕ ತೆಗೆದುಕೊಂಡು ಹಿಂದಿನದನ್ನು ನೆನಪಿದ್ದಷ್ಟು ಬರೆದೆ. 2017ರಲ್ಲಿ ಮಗಳು ಹುಟ್ಟಿದಾಗ ಸರ್ಕಾರ ನನಗೆ 180 ದಿನ ಸಂಬಳ ಸಹಿತ ರಜೆ ಕೊಟ್ಟಿತು. ಅದೇ ರಜೆಯಲ್ಲಿ ಮನೆಯಲ್ಲಿದ್ದಾಗ ಅಕ್ಕ ಜ್ವರವೆಂದು ನಾಲ್ಕು ದಿನ ಬರಲಿಲ್ಲ, ನಾನು ನಾಲ್ಕು ದಿನದ ಸಂಬಳ ಹಿಡಿದಿದ್ದೆ. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಮೊದಲೆರಡು ತಿಂಗಳು ಪೂರ್ತಿ ಸಂಬಳ ಕೊಟ್ಟೆ, ಮೂರನೆಯ ತಿಂಗಳು ಅರ್ಧ ಮಾಡಿದೆ. ನನ್ನ ಸಂಬಳ ಖಾತೆಗೆ ಬರುವುದು ಒಂದು ತಿಂಗಳೂ ತಪ್ಪಿರಲಿಲ್ಲ. ಮನೆಗೆಲಸವನ್ನೂ ಕನಿಷ್ಠ ವೇತನದ ವ್ಯಾಪ್ತಿಗೆ ತಂದು ನಮ್ಮ ರಾಜ್ಯ 2004ರಲ್ಲೇ ಅಧಿಸೂಚನೆ ಹೊರಡಿಸಿತ್ತು. ಮನೆಗೆಲಸವೂ ಕೆಲಸ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಜಿನೀವಾದಲ್ಲಿ ಒಡಂಬಡಿಕೆ ಮಾಡಿತು, ಭಾರತ ಅದರ ಪರ ಮತ ಹಾಕಿ ಇನ್ನೂ ಅನುಮೋದಿಸಿಲ್ಲ. ಅಸಂಘಟಿತ ವಲಯದ ಪಾಠದಲ್ಲಿ ಇವನ್ನೆಲ್ಲ ಹೇಳಿ, ಸರ್ಕಾರ ಮಾಡಬೇಕಾದದ್ದು ಬಹಳವಿದೆ ಎಂದು ಮುಗಿಸುತ್ತಿದ್ದೆ. ನನ್ನ ಮನೆಯೂ ಒಂದು ಉದ್ಯೋಗದ ಸ್ಥಳ, ನಾನೂ ಒಬ್ಬ ಮಾಲೀಕಳು ಎಂಬ ಮಾತು ಆ ಪಾಠದಲ್ಲಿ ಬಂದಿರಲಿಲ್ಲ.

ಅಂದಿನಿಂದ ಮಾಡಿದ ವ್ಯವಸ್ಥೆ ಇಷ್ಟು. ತಿಂಗಳ ಮೂರನೇ ತಾರೀಕು ಲಕೋಟೆಯಲ್ಲಿ ನಗದು. ಭಾನುವಾರ ರಜೆ. ವರ್ಷಕ್ಕೆ ಹದಿನೈದು ದಿನ ಸಂಬಳದ ರಜೆ, ಕಾಯಿಲೆಯ ದಿನಗಳು ಅದರಿಂದ ಹೊರಗೆ. ದೀಪಾವಳಿಗೆ ಒಂದು ತಿಂಗಳ ಸಂಬಳ. ಸೀರೆ ಕೊಟ್ಟರೆ ಅದು ಬೇರೆ, ಸಂಬಳದ ಬದಲಿಗಲ್ಲ. ನನಗೆ ವಾರ್ಷಿಕ ವೇತನ ಬಡ್ತಿ ಬಂದ ತಿಂಗಳು ಅವರಿಗೂ ಹೆಚ್ಚಳ. ಪುಸ್ತಕದಲ್ಲಿ ಅವರೂ ಸಹಿ ಹಾಕುತ್ತಾರೆ, ನಾನೂ ಹಾಕುತ್ತೇನೆ. ಇದನ್ನು ಕೇಳಿದ ಸಹೋದ್ಯೋಗಿ ಶಿಕ್ಷಕಿಯೊಬ್ಬರು “ಮನೆಯವರಂತೆ ಇರುವವರ ಜೊತೆ ಲೆಕ್ಕದ ಪುಸ್ತಕವೇ?” ಎಂದು ಬೇಸರಪಟ್ಟರು. ಹೌದು, ಪುಸ್ತಕವೇ. ಮನೆಯವರಂತೆ ಎನ್ನುವ ಮಾತಿನಲ್ಲಿ ಎಷ್ಟು ರಜೆ, ಎಷ್ಟು ಸಂಬಳ ಮುಳುಗಿ ಹೋಗುತ್ತದೆ ಎಂಬುದನ್ನು ನಾನು ನನ್ನ ಬರವಣಿಗೆಯಲ್ಲೇ ನೋಡಿದ್ದೇನೆ. ನನ್ನ ಪ್ರೀತಿ ನನ್ನ ಮನಸ್ಸು ಚೆನ್ನಾಗಿದ್ದಾಗ ಹೆಚ್ಚು, ತಲೆನೋವಿದ್ದಾಗ ಕಡಿಮೆ. ಪುಸ್ತಕಕ್ಕೆ ತಲೆನೋವಿಲ್ಲ.

ಪುಸ್ತಕ ಬಂದ ಮೇಲೆ ನಾನು ಜಾರಲಿಲ್ಲವೇ? ಜಾರಿದೆ, ಎರಡು ಸಲ, ಎರಡನ್ನೂ ಹೇಳಬೇಕು.

2023ರ ಜೂನ್ 11ರಂದು ರಾಜ್ಯದಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಶುರುವಾಯಿತು. ಅಕ್ಕನಿಗೆ ಸಂಬಳದ ಜೊತೆ ಬಸ್ ಚಾರ್ಜಿಗೆಂದು ತಿಂಗಳಿಗೆ ನಾನೂರು ರೂಪಾಯಿ ಕೊಡುತ್ತಿದ್ದೆ. ಜುಲೈ ಲಕೋಟೆ ಕಟ್ಟುವಾಗ, ಈಗ ಬಸ್ ಉಚಿತವಲ್ಲವೇ ಎಂದು ಆ ನಾನೂರನ್ನು ತೆಗೆದಿಟ್ಟೆ. ಅದು ನನಗೆ ತಪ್ಪೆಂದು ತೋರಲೇ ಇಲ್ಲ, ಲೆಕ್ಕ ಸರಿಯಾಗಿಯೇ ಕಂಡಿತು. ಅಕ್ಕ ಎಣಿಸಿದರು, ಸಹಿ ಹಾಕಿದರು, ಮಾತಾಡಲಿಲ್ಲ. ಆಗಸ್ಟ್ ಕೊನೆಗೆ ಮೈಸೂರಿನಲ್ಲೇ ಗೃಹಲಕ್ಷ್ಮಿ ಯೋಜನೆಯ ಉದ್ಘಾಟನೆ ಆಯಿತು. ಪಾರ್ಕಿನಲ್ಲಿ ಒಬ್ಬರು, ಸರ್ಕಾರವೇ ಎರಡು ಸಾವಿರ ಕೊಡುತ್ತದಲ್ಲ, ಇನ್ನು ನಾವೇಕೆ ಸಂಬಳ ಹೆಚ್ಚಿಸಬೇಕು ಎಂದರು. ಕೇಳಿ ನನಗೆ ಕೋಪ ಬಂತು. ಆ ಎರಡು ಸಾವಿರ ಅವರಿಗೆ ಕೊಟ್ಟದ್ದು, ನಿಮಗಲ್ಲ ಎಂದು ಖಾರವಾಗಿಯೇ ಹೇಳಿದೆ. ಮನೆಗೆ ಬರುವ ದಾರಿಯಲ್ಲಿ ನನ್ನ ನಾನೂರು ನೆನಪಾಯಿತು. ಸರ್ಕಾರ ಅಕ್ಕನಿಗೆ ಕೊಟ್ಟ ಬಸ್ ಟಿಕೆಟನ್ನು ನಾನು ನನ್ನ ಜೇಬಿಗೆ ಇಳಿಸಿಕೊಂಡಿದ್ದೆ. ಸೆಪ್ಟೆಂಬರ್ ಲಕೋಟೆಯಲ್ಲಿ ಆ ತಿಂಗಳದ್ದರ ಜೊತೆ ಹಿಂದಿನ ಎಂಟುನೂರನ್ನೂ ಸೇರಿಸಿ, ನಾನೂರನ್ನು ಮೂಲ ಸಂಬಳಕ್ಕೇ ಕೂಡಿಸಿಬಿಟ್ಟೆ. ಏಕೆ ಹೆಚ್ಚಿದೆ ಎಂದು ಅಕ್ಕ ಕೇಳಿದರು. ನಾನು ತಪ್ಪು ಮಾಡಿದ್ದೆ ಎಂದು ಬಾಯಿಬಿಟ್ಟು ಹೇಳಿದೆ. ದುಡ್ಡು ಕೊಡುವುದಕ್ಕಿಂತ ಆ ಮೂರು ಪದ ಹೇಳುವುದು ಕಷ್ಟವಾಯಿತು.

ಇನ್ನೊಂದು ಅದೇ ಸೆಪ್ಟೆಂಬರಿನದು, ಗೌರಿ ಗಣೇಶ ಹಬ್ಬದ್ದು. ಇದನ್ನು ಬರೆಯಲು ಇಷ್ಟು ಹೊತ್ತು ಹಿಂದೆ ಹಾಕಿದ್ದೇನೆ. ಅತ್ತೆಯವರ ಕಡೆಯ ಹತ್ತು ಹನ್ನೆರಡು ನೆಂಟರು ಬರುವವರಿದ್ದರು, ಅದರಲ್ಲಿ ಇಬ್ಬರು ಹಿರಿಯರು ಇಂಥ ವಿಷಯಗಳನ್ನು ಗಮನಿಸುವವರು. ಹಬ್ಬಕ್ಕೆ ಎರಡು ದಿನ ಮುಂಚೆ ಅಂಗಡಿಯಲ್ಲಿ ಐವತ್ತು ಪೇಪರ್ ಕಪ್ಪಿನ ಕಟ್ಟೊಂದನ್ನು ಕೊಂಡೆ. ಏಕೆ ಕೊಂಡೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಹಬ್ಬದ ದಿನ ನೆಂಟರಿಗೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ ಹೋಯಿತು. ಹಿತ್ತಲಿನಲ್ಲಿ ರಾಶಿ ಪಾತ್ರೆಯ ಎದುರು ಕುಳಿತಿದ್ದ ಅಕ್ಕನಿಗೆ ಪೇಪರ್ ಕಪ್ಪಿನಲ್ಲಿ ಹೋಯಿತು. ಬೇರೆ ಲೋಟವೂ ಅಲ್ಲ, ಅದೇ ಲೋಟವೂ ಅಲ್ಲ. ಯಾರೂ ಏನೂ ಅನ್ನುವ ಹಾಗಿಲ್ಲ. ಅಕ್ಕ ಕಪ್ಪನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಕುಡಿದು, ಕೈಯಲ್ಲಿ ಹಿಸುಕಿ, ಮುಸುರೆಯ ಬುಟ್ಟಿಗೆ ಹಾಕಿ ಮತ್ತೆ ಪಾತ್ರೆ ತಿಕ್ಕತೊಡಗಿದರು.

ನೆಗ್ಗಿದ ಲೋಟ ಕಟ್ಟೆಯ ಮೇಲಿದ್ದಾಗ ನಾನು ಯೋಚಿಸದೆ ನಡೆಯುತ್ತಿದ್ದೆ. ಪೇಪರ್ ಕಪ್ಪನ್ನು ಯೋಚಿಸಿ ಕೊಂಡಿದ್ದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡ ತಪ್ಪು. ಜನರಿಗೆ ಹೆದರಿದೆ, ಅಷ್ಟೇ. ಮರುದಿನ ಅಕ್ಕನ ಎದುರು ನಿಂತು ಕ್ಷಮೆ ಕೇಳಿದೆ. “ಹಬ್ಬದ ದಿನ ನಿಮಗೂ ಕಷ್ಟ ಮೇಡಂ, ನನಗೆ ಗೊತ್ತು” ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಉಳಿದ ಕಪ್ಪುಗಳನ್ನು ಶಾಲೆಗೆ ಒಯ್ದು ಮಕ್ಕಳಿಗೆ ಬಣ್ಣ ಕಲಸಲು ಕೊಟ್ಟೆ. ಮುಂದಿನ ವರ್ಷದ ಹಬ್ಬದಲ್ಲಿ ಎಲ್ಲರಿಗೂ ಒಂದೇ ತಟ್ಟೆಯಲ್ಲಿ ಲೋಟಗಳನ್ನು ಜೋಡಿಸಿ, ಹಿರಿಯರ ಎದುರಿನಿಂದಲೇ ಹಿತ್ತಲಿಗೂ ಒಯ್ದೆ. ಇಬ್ಬರಲ್ಲಿ ಒಬ್ಬರು ಆ ದಿನ ಕಾಫಿ ಮುಟ್ಟಲಿಲ್ಲ. ಕೈ ನಡುಗುತ್ತಿತ್ತು ಎಂಬುದು ನಿಜ. ಬೇರೇನೂ ಆಗಲಿಲ್ಲ.

ಮಾತಿನ ವಿಷಯ ಉಳಿಯಿತು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವರು. ಅವರು ನನಗೆ ನೀವು ಎನ್ನುತ್ತಿದ್ದರು, ನಾನು ಅವರಿಗೆ ನೀನು ಎನ್ನುತ್ತಿದ್ದೆ. ಆರು ವರ್ಷದ ನನ್ನ ಮಗಳೂ ನೀನು ಎನ್ನುತ್ತಿದ್ದಳು. ಸಲುಗೆಯ ನೀನು ಬೇರೆ, ಅಮ್ಮನಿಗೆ ನೀನು ಎನ್ನುತ್ತೇವೆ. ಇದು ಆ ನೀನು ಅಲ್ಲ ಎಂಬುದು ಹೇಳುವವರಿಗೂ ಕೇಳುವವರಿಗೂ ತಿಳಿದಿರುತ್ತದೆ. ಕನ್ನಡದಲ್ಲಿ ಇದನ್ನು ಮುಚ್ಚಿಡಲು ಆಗುವುದೇ ಇಲ್ಲ. ಕ್ರಿಯಾಪದದ ಕೊನೆಯ ಅಕ್ಷರದಲ್ಲೇ ಯಾರು ಮೇಲೆ, ಯಾರು ಕೆಳಗೆ ಎಂಬುದು ಬಂದು ಕೂರುತ್ತದೆ. ಒಂದು ದಿನ ‘ಬನ್ನಿ, ಕೂತುಕೊಳ್ಳಿ’ ಎಂದು ಶುರು ಮಾಡಿದೆ. ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕರು, ಹದಿನೈದು ದಿನ ನಗುತ್ತಲೇ ಇದ್ದರು. ಮಗಳು ಒಂದೇ ವಾರದಲ್ಲಿ ಕಲಿತಳು. ನನಗೆ ಒಂದು ವರ್ಷ ಬೇಕಾಯಿತು. ಸಮಾಧಾನದಲ್ಲಿದ್ದಾಗ ನೀವು, ಕೋಪ ಬಂದಾಗ ನೀನು. ಕುಕ್ಕರಿನ ಗ್ಯಾಸ್ಕೆಟ್ ಕಾಣದ ಒಂದು ಬೆಳಿಗ್ಗೆ, ಶಾಲೆಗೆ ಹೊತ್ತಾಗಿತ್ತು, “ಎಲ್ಲಿ ಇಟ್ಟಿದ್ದೀಯಾ?” ಎಂದು ಕಿರುಚಿಬಿಟ್ಟೆ. ಗ್ಯಾಸ್ಕೆಟ್ ಮುಚ್ಚಳಕ್ಕೇ ಅಂಟಿಕೊಂಡಿತ್ತು. ಈ ಬರಹದ ಮೊದಲ ಕರಡಿನಲ್ಲೂ ಮೂರು ಕಡೆ ‘ಅಕ್ಕ ಬಂದಳು’ ಎಂದು ಬರೆದು ತಿದ್ದಿದ್ದೇನೆ.

ಹೆಸರು ಹಾಕದೆ ಅಕ್ಕ ಎಂದಷ್ಟೇ ಬರೆದದ್ದು ಅವರು ಕೇಳಿಕೊಂಡದ್ದಕ್ಕೆ. ಬರೆದದ್ದನ್ನು ಓದಿ ಹೇಳಿದೆ. ಕಪ್ಪಿನ ವಿಷಯ ಬೇಡ, ಬೇಜಾರು ಎಂದರು. ಅದು ನನ್ನ ತಪ್ಪು, ಇರಲಿ ಎಂದೆ. ಸ್ವಲ್ಪ ಯೋಚಿಸಿ ಒಪ್ಪಿದರು.

ಈ ವರ್ಷ ಮಾರ್ಚ್‌ನಲ್ಲಿ, ಬಿಸಿಲು ಏರಿದ ಮೇಲೆ, ಅಕ್ಕ ನೀರೇ ಕುಡಿಯುವುದಿಲ್ಲ ಎಂಬುದನ್ನು ಗಮನಿಸಿದೆ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ನಾಲ್ಕು ಮನೆ ಮುಗಿಸಿ ಹಿಂದಿರುಗುವುದು ಎರಡು ಗಂಟೆಗೆ. ಲೋಟ ತುಂಬ ನೀರು ಕೊಟ್ಟರೆ ಎರಡು ಗುಟುಕು ಕುಡಿದು ಗಿಡಕ್ಕೆ ಹಾಕುತ್ತಿದ್ದರು. ಏಕೆ ಎಂದು ಕೇಳಿದೆ. ನೀರು ಕುಡಿದರೆ ಹೋಗಬೇಕಾಗುತ್ತದೆ, ಎಲ್ಲಿಗೆ ಹೋಗುವುದು ಎಂದರು. ನಮ್ಮ ಹಿತ್ತಲಿನಲ್ಲಿ ಒಂದು ಶೌಚಾಲಯ ಇದೆಯಲ್ಲ, ಅದನ್ನು ಬಳಸಬಹುದು ಎಂದು ಎಂದೋ ಹೇಳಿದ್ದೆನಲ್ಲ ಎಂದೆ.

“ಅದರ ಚಿಲಕ ಹೋಗಿ ಮೂರು ತಿಂಗಳಾಯಿತು ಮೇಡಂ” ಎಂದರು.

ಹೋಗಿ ನೋಡಿದೆ. ಚಿಲಕ ಒಂದೇ ಮೊಳೆಯಲ್ಲಿ ನೇತಾಡುತ್ತಿತ್ತು. ಒಳಗಿನ ಗೋಡೆಯ ನಲ್ಲಿಗೆ ಒಂದು ಹಳೆಯ ಸೀರೆಯ ಅಂಚು ಕಟ್ಟಿತ್ತು. ಬಾಗಿಲಿನ ತೂತಿಗೆ ಅದನ್ನು ಪೋಣಿಸಿ, ಒಂದು ಕೈಯಲ್ಲಿ ಎಳೆದು ಹಿಡಿದುಕೊಂಡು ಕೂರಬೇಕು. ಮನೆಯಲ್ಲಿ ನಾವು ನಾಲ್ಕು ಜನ ಇದ್ದೇವೆ, ಮೂರು ತಿಂಗಳಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ನಮ್ಮಲ್ಲಿ ಒಬ್ಬರೂ ಅದನ್ನು ಬಳಸುವುದಿಲ್ಲ. ನಮ್ಮದು ಒಳಗಿದೆ, ಟೈಲ್ಸ್ ಹಾಕಿದ್ದು, ಅದನ್ನು ದಿನವೂ ತೊಳೆಯುವುದು ಅಕ್ಕ.

ಅಂದೇ ಸಂಜೆ ಬಡಗಿಯನ್ನು ಕರೆಸಿ ಹೊಸ ಚಿಲಕ ಹಾಕಿಸಿದೆ. ಒಳಗೆ ಬಲ್ಬು ಇರಲಿಲ್ಲ, ಅದನ್ನೂ ಹಾಕಿಸಿದೆ. ಅಕ್ಕ ಈಗ ಒಂದು ಲೋಟ ನೀರು ಪೂರ್ತಿ ಕುಡಿಯುತ್ತಾರೆ. ಒಳಗಿನದನ್ನೇ ಬಳಸಿ ಎಂದು ಅವರಿಗೆ ಇನ್ನೂ ಹೇಳಿಲ್ಲ, ಹೇಳುವ ಮೊದಲು ಅತ್ತೆಯವರ ಜೊತೆ ಕೂತು ಮಾತಾಡಬೇಕು. ಅವರಿಗೆ ಈಗ ಸಂಜೆಯ ಹೊತ್ತು ಮಂಡಿ ನೋವು ಹೆಚ್ಚು, ಬೆಳಿಗ್ಗೆ ಪೂಜೆ ಮುಗಿದ ಮೇಲೆ ಮನಸ್ಸು ತಿಳಿಯಾಗಿರುತ್ತದೆ. ಈ ಭಾನುವಾರ ಬೆಳಿಗ್ಗೆ ಎಂದುಕೊಂಡಿದ್ದೇನೆ.